ಸಕ್ಕರೆಗೆ ಉಪ್ಪಿನ ಜೊತೆ

'ಸಕ್ಕರೆ' ಎಂಬ ಮಾತು ಸಂಸ್ಕೃತದ 'ಶರ್ಕರಾ' ಶಬ್ದದ ತದ್ಭವವೆಂಬುದು ಭಾಷಾಭ್ಯಾಸಿಗಳಿಗೆ ವಿದಿತವಾದ ಸಂಗತಿ. ಶರ್ಕರೆಯೆಂದರೆ ಮೊದಲಿಗೆ ಹರಳು, ನೊರಜುಗಲ್ಲು ಎಂದರ್ಥ. ನಾಲಗೆಯ ಮೇಲೆ ಕ್ಷಣಮಾತ್ರದಲ್ಲಿ ಕರಗುವ ಈ ಹರಳು ದೇಹದ ಒಳಹೊಗುವ ಬಗೆಯನ್ನು ಮಾತ್ರ ಬಲ್ಲವರು ವಿರಳ. 'ವಿಸರಣೆ', 'ಅಭಿಸರಣೆ' ಮೊದಲಾದ ಪದಗಳ ಲಕ್ಷಣವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ಕಂಠಪಾಠ ಮಾಡಿ ಒಪ್ಪಿಸುತ್ತಾರೆ, ಅಂಕಗಳನ್ನೂ ಪಡೆಯುತ್ತಾರೆ. ಆದರೆ ಆ ಪಾಠ ಮನೆಯ ಹೊಸ್ತಿಲನ್ನು ದಾಟುವುದಿಲ್ಲ. ಇದರಿಂದ ಆಗುತ್ತಿರುವ ಹಾನಿ ಅಲ್ಪವಾದುದಲ್ಲ.

ಪ್ರತಿಯೊಂದು ಜೀವಕೋಶವನ್ನೂ ಒಂದು ಪೊರೆ ಆವರಿಸಿಕೊಂಡಿದೆ. ಕೊಬ್ಬಿನ ಜಾತಿಗೆ ಸೇರಿದ ಅಣುಗಳು ಎರಡು ಸಾಲಾಗಿ ನಿಂತು ಆದ ಪೊರೆ ಅದು. ಸಕ್ಕರೆಯ ಅಣುವಾದರೋ ನೀರಿನ ನಂಟುಳ್ಳದ್ದು. ಎಣ್ಣೆಗೂ ನೀರಿಗೂ ಎಣೆಯಾಗದಂತೆ, ಸಕ್ಕರೆ ಈ ಪೊರೆಯನ್ನು ತಾನಾಗಿ ಭೇದಿಸಿ ಹೋಗಲಾರದು. ಅದನ್ನು ಒಳಗೆ ಕರೆದೊಯ್ಯಲು ಪೊರೆಯಲ್ಲಿಯೇ ವಾಹಕಗಳೆಂಬ ಪ್ರೋಟೀನುಗಳು ನೆಲೆಸಿವೆ.

ಸಣ್ಣ ಕರುಳಿನಲ್ಲಿ ಈ ಕಾರ್ಯ ನಡೆಯುವ ರೀತಿ ಬಹು ಸೋಜಿಗದ್ದು. ಅಡುಗೆಮನೆಯ ಸಕ್ಕರೆ ಅಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಎರಡಾಗಿ ಒಡೆಯುತ್ತದೆ. ಕರುಳಿನ ಕೋಶಗಳು ತಮ್ಮೊಳಗಿನ ಸೋಡಿಯಮನ್ನು ರಕ್ತದ ಕಡೆಗೆ ಎಡೆಬಿಡದೆ ಹೊರದೂಡುತ್ತಿರುತ್ತವೆ. ಆದುದರಿಂದ ಕೋಶದ ಒಳಗೆ ಸೋಡಿಯಂ ಕಡಿಮೆ, ಕರುಳಿನ ನಾಳದಲ್ಲಿ ಹೆಚ್ಚು. ಒಳನುಗ್ಗಲು ಕಾದಿರುವ ಈ ಸೋಡಿಯಂ ವಾಹಕದ ಬಾಗಿಲಿಗೆ ಬಂದಾಗ ಗ್ಲೂಕೋಸನ್ನೂ ಜೊತೆಗೂಡಿಸಿಕೊಂಡೇ ಒಳಗೆ ಹೋಗುತ್ತದೆ. ಒಂದು ಗ್ಲೂಕೋಸ್ ಅಣುವಿನೊಡನೆ ಸೋಡಿಯಮ್ಮಿನ ಎರಡು ಅಯಾನುಗಳು ಪ್ರವೇಶಿಸುತ್ತವೆ. ಇವೆರಡರ ಬೆನ್ನುಹಿಡಿದು ನೀರೂ ಸಾಗುತ್ತದೆ. ಈ ಸಹಗಮನದ ತತ್ತ್ವವನ್ನು ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ಪ್ರಾಗ್ ನಗರದ ವಿದ್ವತ್ಸಭೆಯೊಂದರಲ್ಲಿ ಮಂಡಿಸಿದನು.

ಇದು ಕೇವಲ ಪಂಡಿತರ ಕುತೂಹಲಕ್ಕೆ ಮೀಸಲಾದ ವಿಷಯವೆಂದು ತಿಳಿಯಲಾಗದು. ಕಾಲರಾ ತಗುಲಿದಾಗ ಕರುಳು ನೀರನ್ನೂ ಲವಣಗಳನ್ನೂ ಹೊರಚೆಲ್ಲುತ್ತದೆ. ರೋಗಿಯು ದೇಹದ ನೀರು ಬತ್ತಿ ಸಾಯುತ್ತಾನೆ. ಬರಿಯ ನೀರನ್ನು ಕುಡಿಸಿದರೆ ಸಾಲದು. ಬರಿಯ ಉಪ್ಪುನೀರೂ ಚೆನ್ನಾಗಿ ಒಳಸೇರದು. ಆದರೆ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಹೋಗುವ ಬಾಗಿಲು ಆ ರೋಗದಲ್ಲಿಯೂ ಕೆಡದೆ ಉಳಿದಿರುತ್ತದೆ. 1971ರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರು ಬಂದು ತುಂಬಿದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಲವಣಜಲ ಮುಗಿಯುತ್ತ ಬಂದಿತು. ಡಾ. ದಿಲೀಪ್ ಮಹಲನಾಬಿಸ್ ಅವರು ಗ್ಲೂಕೋಸ್, ಉಪ್ಪು, ಅಡುಗೆ ಸೋಡಾಗಳನ್ನು ನೀರಿನಲ್ಲಿ ಬೆರೆಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ಕಾಲವಾದರು. 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿ ಅವರಿಗೆ ಸಂದಿತು. ಅಲ್ಲಿ ಬಟ್ಟಲು ಹಿಡಿದು ಕುಡಿಸಿದವರು ತಾಯಂದಿರು, ಅಣ್ಣತಮ್ಮಂದಿರು. ಹಾಗಿರಲು, ಇದು ವೈದ್ಯರು ಮಾತ್ರ ಅರಿಯತಕ್ಕ ವಿದ್ಯೆಯೆಂಬ ವಾದ ನಿಲ್ಲಲಾರದು.

ಅರೆಯರಿವಿನಿಂದ ಒದಗುವ ಕೇಡೂ ಉಂಟು. ಸಕ್ಕರೆ ಒಳ್ಳೆಯದೆಂದು ಭೇದಿಯಾಗುತ್ತಿರುವ ಮಗುವಿಗೆ ಅತಿಸಿಹಿ ಪಾನೀಯವನ್ನು ಕುಡಿಸುವವರಿದ್ದಾರೆ. ಬಾಗಿಲು ಹಿಡಿಸುವುದಕ್ಕಿಂತ ಹೆಚ್ಚಿನ ಸಕ್ಕರೆ ಕರುಳಿನಲ್ಲಿಯೇ ಉಳಿದು ದೇಹದ ನೀರನ್ನು ತನ್ನೆಡೆಗೆ ಸೆಳೆಯುತ್ತದೆ, ಭೇದಿ ಇಮ್ಮಡಿಸುತ್ತದೆ. ಮಕ್ಕಳು ಒಪ್ಪಿಸಿದ 'ಅಭಿಸರಣೆ' ಎಂದರೆ ಇದೇ. ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದಲ್ಲಿ ಗ್ಲೂಕೋಸಿನ ಅಣುಗಳೂ ಸೋಡಿಯಮ್ಮಿನ ಅಯಾನುಗಳೂ ಸಮಸಂಖ್ಯೆಯಲ್ಲಿವೆ. ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ. ನಿಗದಿತ ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ 'ಓ.ಆರ್.ಎಸ್.' ಎಂಬ ಅಕ್ಷರಗಳನ್ನು ಬಳಸಕೂಡದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ಆಜ್ಞೆ ಮಾಡಬೇಕಾಯಿತು. ಆಜ್ಞೆಯೇನೋ ಅಗತ್ಯವೇ. ಆದರೆ ಕೊಳ್ಳುವವನಿಗೆ ಕಾರಣವೇ ತಿಳಿಯದಿದ್ದರೆ ಆಜ್ಞೆಯಿಂದ ದೊರೆಯುವ ರಕ್ಷಣೆ ಎಷ್ಟರದು?

ಇಂಥ ವಿಷಯಗಳು ಕನ್ನಡಕ್ಕೆ ಒಗ್ಗುವುದಿಲ್ಲವೆಂಬ ಆಕ್ಷೇಪಣೆ ಹಳೆಯದು. ಪೊರೆ, ಬಾಗಿಲು, ಜೊತೆ, ಸೆಳೆತ ಎಂಬ ನಾಲ್ಕು ಮಾತುಗಳು ಎಂಟನೆಯ ತರಗತಿಯ ವಿದ್ಯಾರ್ಥಿಗೆ ಅಪರಿಚಿತವಲ್ಲ. ಇವುಗಳಿಂದಲೇ ಈ ತತ್ತ್ವದ ತಿರುಳನ್ನು ತಿಳಿಸಬಹುದು. ಗ್ಲೂಕೋಸ್, ಸೋಡಿಯಂ ಎಂಬ ಹೆಸರುಗಳು ಹಾಗೆಯೇ ಇರಲಿ. ಕಷ್ಟವಿರುವುದು ಭಾಷೆಯಲ್ಲಲ್ಲ, ಲಕ್ಷಣವನ್ನು ಬರೆಸಿ, ಕಾರಣವನ್ನು ಬಿಟ್ಟುಬಿಡುವ ಬೋಧನಕ್ರಮದಲ್ಲಿ.

ವಿಜ್ಞಾನದ ಉಪಾಧ್ಯಾಯರೂ ಕನ್ನಡದ ಉಪಾಧ್ಯಾಯರೂ ಒಡಗೂಡಿ ಈ ಪಾಠವನ್ನು ಮಾಡಬೇಕು. ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ತುಂಬಿದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು: ಇದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಕೈಯಾರೆ ಅಳೆದು ಬೆರೆಸಿ ಕಲಿಯಬೇಕು. ಪೊಟ್ಟಣ ದೊರೆಯುವಲ್ಲಿ ಅದೇ ಮೇಲು. ಮಗು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕೆಂಬುದನ್ನೂ ಕಲಿಸಬೇಕು. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಬಂದು ಕಾರಣವನ್ನು ವಿವರಿಸಲಿ. ದಾನಿಗಳು ಕಟ್ಟಡದ ಜೊತೆಗೆ ಪ್ರಯೋಗಶಾಲೆಯ ಮೇಜಿಗೂ ತಕ್ಕಡಿಗೂ ಕೈನೀಡಲಿ.

'ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ' ಎಂಬ ಗಾದೆ ನಾಡಿಗೆಲ್ಲ ಗೊತ್ತು. ಆ ತಾಯಿಗೆ ಉಪ್ಪಿನ ಅಳತೆಯನ್ನೂ ಸಕ್ಕರೆಯ ಮಿತಿಯನ್ನೂ ಕಾರಣಸಹಿತವಾಗಿ ತಿಳಿಸಿ ಹೇಳಬಲ್ಲ ಮಗನೋ ಮಗಳೋ ಪ್ರತಿ ಮನೆಯಲ್ಲಿಯೂ ಇರುವಂತೆ ಮಾಡುವುದು ಶಾಲೆಯ ಹೊಣೆ.