ಅಂಕಪಟ್ಟಿಯ ಆಚೆಗಿರುವ ಮಕ್ಕಳು

ಮುಂಬಯಿಯ ನಮ್ಮ ಮನೆಗಳಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಮುಗಿದರೆ ಸಾಕು, ಮಾತೆಲ್ಲ ಕಾಲೇಜು, ಸೀಟು, ಫೀಯ ಸುತ್ತಲೇ. ಮಗ ತಬಲಾ ಕಲಿಯುವೆನೆಂದರೆ, ಮಗಳು ನಾಟಕಕ್ಕೆ ಹೋಗುವೆನೆಂದರೆ, ಸಿಗುವ ಉತ್ತರ ಒಂದೇ: "ಮೊದಲ ಡಿಗ್ರಿ ಮುಗಸು, ಆಮ್ಯಾಲ ಏನರ ಮಾಡ್ಕೊ." ನಮ್ಮ ತವರು ಸೀಮೆಯ ಬಾಗಲಕೋಟೆಯಲ್ಲಿ 1963ರಿಂದ ಇಂಜಿನಿಯರಿಂಗ್ ಕಾಲೇಜಿದೆ, 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಎರಡೂ ನಮಗೆ ಹೆಮ್ಮೆಯೇ. ಆದರೆ ಆ ಸೀಮೆಯ ಹೆಸರನ್ನು ದೂರಕ್ಕೆ ಒಯ್ದವರಲ್ಲಿ ಹಲವರು ಪಳಗಿದ್ದು ರಂಗದ ಮೇಲೆ, ಹಾಡಿನ ರಿಯಾಜಿನಲ್ಲಿ.

ಹುನಗುಂದ ಸೀಮೆಯ ಕಂದಗಲ್ ಹನುಮಂತರಾಯರ 'ರಕ್ತರಾತ್ರಿ' ನಾಟಕವನ್ನು ಹಳ್ಳಿಹಳ್ಳಿಯ ಹವ್ಯಾಸಿಗಳು ಬಾಯಿಪಾಠ ಮಾಡಿ ಆಡಿದರು. ಅದೇ ಸೀಮೆಯ ಪಿ.ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ನಾಟಕ 1974ರಲ್ಲಿ ರಾಜಕುಮಾರರ ಸಿನಿಮಾ ಆಯಿತು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಇದೇ ಮುಂಬಯಿಗೆ ಬಂದು, 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ನಮ್ಮ ನಾಡಿನ ಹೆಸರು ಅವರ ಹೆಸರಿನ ಜೊತೆಗೇ ತೆರೆಯ ಮೇಲೆ ಬಂತು.

ಇವರನ್ನು ತೋರಿಸಿ ಮಕ್ಕಳಿಗೆ "ಮನಸ್ಸು ಹೇಳಿದಂತೆ ನಡೆ" ಎಂದುಬಿಡುವುದು ಸುಲಭ. ಅಷ್ಟು ಸಾಲದೆಂಬುದು ನನ್ನ ಗಟ್ಟಿ ಅಭಿಪ್ರಾಯ. ಅಂದು ನಾಟಕದ ಹುಚ್ಚು ಹಿಡಿದ ಹುಡುಗನಿಗೆ ಕಂಪನಿಯೆಂಬ ಆಸರೆಯಿತ್ತು. ಪಡದೆ ಎಳೆಯುತ್ತ ಒಳಸೇರಿದವನು ಎರಡು ಹೊತ್ತು ಉಣ್ಣುತ್ತಿದ್ದ, ಹಾರ್ಮೋನಿಯಂ ನುಡಿಸುವ ಪೆಟಗಿ ಮಾಸ್ತರರ ಮುಂದೆ ಕೂತು ಸ್ವರ ಹಿಡಿಯುತ್ತಿದ್ದ, ಯಾರಾದರೂ ನಟ ಕೈಕೊಟ್ಟ ರಾತ್ರಿ ಬಣ್ಣ ಹಚ್ಚಿಕೊಂಡು ರಂಗಕ್ಕೆ ಬರುತ್ತಿದ್ದ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ಕಂಪನಿಗಳು ತಿಂಗಳುಗಟ್ಟಲೆ ಠಿಕಾಣಿ ಹೂಡುತ್ತವೆ. ಆದರೆ ವರ್ಷದ ಉಳಿದ ತಿಂಗಳು ಕಲಾವಿದರ ಹೊಟ್ಟೆಪಾಡು ಕಠಿಣ.

ಇಳಕಲ್ಲಿನ ಮಗ್ಗದ ಮನೆಯಲ್ಲೂ ಇದೇ ಕಥೆ. ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕುವ ಕೆಲಸ ಪುಸ್ತಕದಿಂದ ಬರುವುದಲ್ಲ. ಹಿರಿಯರ ಪಕ್ಕ ವರ್ಷಗಟ್ಟಲೆ ಕೂತರೇ ಕೈಗೆ ಹತ್ತುವುದು. ಹಾಗೆ ಕೂರುವ ಹುಡುಗನಿಗೆ ಮೊದಲ ವರ್ಷಗಳಲ್ಲಿ ದಕ್ಕುವ ಕೂಲಿ ಅಲ್ಪ. ಅದಕ್ಕೇ ತಂದೆತಾಯಂದಿರು ಹೆದರುತ್ತಾರೆ, ಅವರನ್ನು ದೂರಲಾರೆ.

ನಮ್ಮ ಸಂಘ ವರ್ಷವರ್ಷ ಪ್ರತಿಭಾ ಪುರಸ್ಕಾರ ಕೊಡುತ್ತದೆ, ಶೇಕಡಾವಾರು ಅಂಕ ನೋಡಿ. ಅದು ನಡೆಯಲಿ. ಅದರ ಜೊತೆಗೆ ಗುರುವಿನ ಬಳಿ ಹಾಡು, ನಾಟಕ, ನೇಯ್ಗೆ ಕಲಿಯುತ್ತಿರುವ ಮಕ್ಕಳಿಗೂ ಎರಡು ಮೂರು ವರ್ಷ ತಿಂಗಳ ಖರ್ಚು ನೋಡಿಕೊಳ್ಳುವ ವಿದ್ಯಾರ್ಥಿವೇತನ ಆರಂಭಿಸೋಣ. ಗುರುವಿಗೂ ಅದರಲ್ಲಿ ಪಾಲಿರಲಿ. ಇಲ್ಲಿಯ ಮಕ್ಕಳಾಗಲಿ, ಊರಿನ ಮಕ್ಕಳಾಗಲಿ, ನಿಮಗೆ ಗೊತ್ತಿರುವವರ ಹೆಸರುಗಳನ್ನು ವಾರ್ಷಿಕ ಸಭೆಗೆ ಮೊದಲೇ ಕಚೇರಿಗೆ ತಲುಪಿಸಿ.

– ಸಂಪಾದಕ