ಸ್ವರಕ್ಕೂ ಪೌರತ್ವ ಕೇಳುವವರಿಗೆ

2022ರ ಮಾರ್ಚ್‌ನಲ್ಲಿ ಮಾಂಟ್ರಿಯಲ್ ಸಿಂಫನಿ ವಾದ್ಯವೃಂದವು ಇಪ್ಪತ್ತರ ಹರೆಯದ ಪಿಯಾನೋ ವಾದಕ ಅಲೆಕ್ಸಾಂಡರ್ ಮಲಫೀವ್‌ನ ಕಛೇರಿಗಳನ್ನು ಕೈಬಿಟ್ಟಿತು. ಆತನ ಅಪರಾಧವೆಂದರೆ ರಷ್ಯಾದಲ್ಲಿ ಹುಟ್ಟಿದ್ದು. ಉಕ್ರೇನ್ ಯುದ್ಧದ ಬಗ್ಗೆ ಆತ ಅಷ್ಟರಲ್ಲಾಗಲೇ ನೊಂದು ಬಹಿರಂಗವಾಗಿ ಬರೆದಿದ್ದ. ಅದೂ ಸಾಲಲಿಲ್ಲ. ಇಂಥ ತೀರ್ಪು ಕೊಡುವವರ ಮುಂದೆ ನಾವು ಮೈರಾ ಹೆಸ್ ಅವರ ಬದುಕನ್ನು ಇಡಬಯಸುತ್ತೇವೆ.

1890ರಲ್ಲಿ ಲಂಡನ್ನಿನ ಯಹೂದಿ ಮನೆತನವೊಂದರಲ್ಲಿ ಹುಟ್ಟಿದ ಹೆಸ್, 17ನೇ ವಯಸ್ಸಿನಲ್ಲಿ ಬೀಥೋವನ್‌ನ ನಾಲ್ಕನೇ ಪಿಯಾನೋ ಕನ್ಸರ್ಟೋ ನುಡಿಸಿ ಹೆಸರಾದರು. ಏಕವ್ಯಕ್ತಿ ವಾದನದಷ್ಟೇ ಪ್ರೀತಿಯಿಂದ ಚೇಂಬರ್ ಸಂಗೀತವನ್ನೂ ನುಡಿಸಿದರು. ಮೂರು ನಾಲ್ಕು ಮಂದಿ ಕೂತು, ನಿರ್ದೇಶಕನಿಲ್ಲದೆ, ಒಬ್ಬರ ಉಸಿರಿಗೆ ಇನ್ನೊಬ್ಬರು ಕಿವಿಗೊಟ್ಟು ನುಡಿಸುವ ಸಂಗೀತ ಅದು. ಪಕ್ಕದವರ ಮಾತು ಕೇಳಿಸಿಕೊಳ್ಳದವರಿಗೆ ಅಲ್ಲಿ ಜಾಗವಿಲ್ಲ.

1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಘೋಷಣೆಯಾಯಿತು. ಬಾಂಬ್ ಭಯದಿಂದ ಲಂಡನ್ನಿನ ಸಭಾಂಗಣಗಳು ಮುಚ್ಚಿದವು. ಹೆಸ್ ತಮ್ಮ ಅಮೆರಿಕ ಪ್ರವಾಸವನ್ನು ರದ್ದುಪಡಿಸಿದರು. ಚಿತ್ರಗಳನ್ನೆಲ್ಲ ಸಾಗಿಸಿ ಬರಿದಾಗಿದ್ದ ನ್ಯಾಷನಲ್ ಗ್ಯಾಲರಿಯಲ್ಲಿ ಅಕ್ಟೋಬರ್ 10ರಿಂದ ಮಧ್ಯಾಹ್ನದ ಕಛೇರಿಗಳನ್ನು ಆರಂಭಿಸಿದರು. ಪ್ರವೇಶಕ್ಕೆ ಒಂದು ಶಿಲಿಂಗ್. ಬಾಂಬ್ ಬೀಳುವ ದಿನಗಳಲ್ಲಿ ಕಛೇರಿ ನೆಲಮಾಳಿಗೆಗೆ ಇಳಿಯಿತೇ ಹೊರತು ನಿಲ್ಲಲಿಲ್ಲ. 1946ರ ಏಪ್ರಿಲ್‌ವರೆಗೆ ನಡೆದದ್ದು 1,698 ಕಛೇರಿಗಳು. ಕೇಳಿದವರು 8 ಲಕ್ಷಕ್ಕೂ ಹೆಚ್ಚು. ಹೆಸ್ ತಮಗಾಗಿ ಬಿಡಿಗಾಸು ಸಂಭಾವನೆಯನ್ನೂ ಪಡೆಯಲಿಲ್ಲ.

ಅಲ್ಲಿ ನುಡಿಸಿದ್ದು ಯಾರ ಸಂಗೀತ? ಬಾಖ್, ಬೀಥೋವನ್, ಶೂಮನ್, ಬ್ರಾಮ್ಸ್. ಎಲ್ಲರೂ ಜರ್ಮನರು! ಮೇಲಿಂದ ಜರ್ಮನ್ ಬಾಂಬು, ಒಳಗೆ ಜರ್ಮನ್ ಸಂಗೀತ. ನುಡಿಸುತ್ತಿದ್ದವರು ಹಿಟ್ಲರ್ ನಿರ್ನಾಮ ಮಾಡಹೊರಟ ಜನಾಂಗದ ಹೆಣ್ಣುಮಗಳು. ಅತ್ತ ಹಿಟ್ಲರನ ಜರ್ಮನಿ ಏನು ಮಾಡುತ್ತಿತ್ತು? ಯಹೂದಿ ಮೂಲದವನೆಂಬ ಒಂದೇ ಕಾರಣಕ್ಕೆ ಮೆಂಡೆಲ್‌ಸನ್‌ನ ಪ್ರತಿಮೆಯನ್ನು 1936ರಲ್ಲೇ ಲೈಪ್‌ಜಿಗ್‌ನಲ್ಲಿ ಕೆಡವಿ, ಅವನ ಸಂಗೀತವನ್ನು ಹೊರಗಟ್ಟಿತ್ತು. ಹುಟ್ಟು ನೋಡಿ ಕಿವಿ ಮುಚ್ಚಿಕೊಳ್ಳುವ ವಿದ್ಯೆ ಯಾರದೆಂದು ಇನ್ನೂ ಬಿಡಿಸಿ ಹೇಳಬೇಕೆ? ಎರಡು ಲಿಪಿಗಳಲ್ಲಿ ಅಕ್ಷರ ಕಲಿತ ನಮಗಂತೂ ಈ ವಿದ್ಯೆಯ ಪರಿಚಯ ಚೆನ್ನಾಗಿಯೇ ಇದೆ.

‘ಸಂತ್ರಸ್ತರ ನೋವು ನಿಮಗೆ ಕಾಣುವುದಿಲ್ಲವೇ?’ ಎಂದು ಕೇಳುವವರಿದ್ದಾರೆ. ಕಾಣುತ್ತದೆ. ಆಕ್ರಮಣಕಾರನ ಆಸ್ಥಾನದಲ್ಲಿ ಭೋಪರಾಕು ಹಾಡುವ ಕಲಾವಿದನನ್ನು ಪ್ರಶ್ನಿಸಿ, ಬೇಕಾದರೆ ಬಹಿಷ್ಕರಿಸಿ. ನಮ್ಮ ತಕರಾರಿಲ್ಲ. ಅದು ಅವನ ಕೃತ್ಯಕ್ಕೆ ಸಿಗುವ ಉತ್ತರ. ಆದರೆ ಹುಟ್ಟೂರಿನ ಹೆಸರು ಕೃತ್ಯವಲ್ಲ. ಅದನ್ನೇ ಆರೋಪಪಟ್ಟಿ ಮಾಡಿಕೊಂಡವರು ನ್ಯಾಯದ ಮಾತಾಡುವ ಹಕ್ಕನ್ನು ಕಳೆದುಕೊಳ್ಳುತ್ತಾರೆ.

ಬಾಂಬ್ ಬೀಳುತ್ತಿದ್ದ ನಗರದ ಜನರಿಗೆ ಬೀಥೋವನ್ ಬೇರೆ, ಹಿಟ್ಲರ್ ಬೇರೆ ಎಂಬುದು ತಿಳಿದಿತ್ತು. ಬಾಂಬ್ ಸದ್ದು ಕೇಳದ ದೂರದಲ್ಲಿ ಕೂತವರಿಗೆ ಇಷ್ಟು ತಿಳಿಯದಿದ್ದರೆ ಅದಕ್ಕೆ ದೇಶಪ್ರೇಮ, ನ್ಯಾಯಪ್ರೇಮಗಳ ಹೆಸರು ಬೇಡ. ನಾವದನ್ನು ಹೇಡಿತನವೆಂದೇ ಕರೆಯುತ್ತೇವೆ.