ಲಯ ತಪ್ಪಿದ ಹೃದಯಕ್ಕೆ ವಿದ್ಯುತ್ತಿನ ಚಿಕಿತ್ಸೆ

ಆಯುರ್ವೇದ ವೈದ್ಯನಾದವನು ವಿದ್ಯುತ್ ಯಂತ್ರದ ಕುರಿತು ಏಕೆ ಬರೆಯಬೇಕೆಂದು ಕೆಲವು ಭಕ್ತರಿಗೆ ಅನಿಸಬಹುದು. ಚರಕ ಸಂಹಿತೆಯು ಹೃದಯವನ್ನು ಮೂರು ಪ್ರಧಾನ ಮರ್ಮಗಳಲ್ಲಿ ಒಂದೆಂದು ಎಣಿಸಿದೆ. ಸುಶ್ರುತರು ಅದನ್ನು ಸದ್ಯಃಪ್ರಾಣಹರ ಮರ್ಮವೆಂದಿದ್ದಾರೆ. ಎಂದರೆ, ಘಾಸಿಗೊಂಡರೆ ಬೇಗನೆ ಪ್ರಾಣ ತೆಗೆಯುವ ಸ್ಥಾನ. ಇಂಥ ಮರ್ಮ ಕೆಟ್ಟಾಗ ವಿಳಂಬ ಸಲ್ಲದು.

ಹೃದಯದ ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಸೈನಸ್ ನೋಡ್ ಎಂಬ ಪುಟ್ಟ ಜೀವಕೋಶಗಳ ಗುಂಪು, ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಬಾರಿ ವಿದ್ಯುತ್ ಸಂಕೇತ ಹೊರಡಿಸುತ್ತದೆ. ಆ ಸಂಕೇತಕ್ಕೆ ಇಡೀ ಸ್ನಾಯು ಒಂದಾಗಿ ಮಿಡಿಯುತ್ತದೆ. ಹೃದಯಾಘಾತವೇ ಮೊದಲಾದ ಕಾರಣಗಳಿಂದ ಕೆಲವೊಮ್ಮೆ ಈ ಶಿಸ್ತು ಮುರಿದು, ಕೆಳಕೋಣೆಗಳ ಸ್ನಾಯುತಂತುಗಳು ಮನಬಂದಂತೆ ಅದುರತೊಡಗುತ್ತವೆ. ಸಾವಿರ ಕೈಗಳು ದಿಕ್ಕಿಗೊಂದರಂತೆ ಹಗ್ಗ ಜಗ್ಗಿದರೆ ತೇರು ಕದಲುವುದೆ? ಹಾಗೆಯೇ ಹೃದಯ ಅದುರುತ್ತದೆ, ರಕ್ತ ಮಾತ್ರ ಹರಿಯದು. ರೋಗಿ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ.

ಡಿಫಿಬ್ರಿಲೇಟರ್ ಯಂತ್ರದ ಆಘಾತವು ನಿಂತ ಹೃದಯವನ್ನು ಬಡಿದೆಬ್ಬಿಸುತ್ತದೆಂಬುದು ಸಿನಿಮಾಗಳು ಹುಟ್ಟಿಸಿದ ತಪ್ಪು ಕಲ್ಪನೆ. ವಾಸ್ತವದಲ್ಲಿ ಅದು ಎಲ್ಲ ತಂತುಗಳ ಗೊಂದಲವನ್ನು ಒಮ್ಮೆಲೇ ನಿಲ್ಲಿಸುತ್ತದೆ. ಆ ಕ್ಷಣದ ನಿಶ್ಶಬ್ದದಲ್ಲಿ ಸೈನಸ್ ನೋಡ್ ಮತ್ತೆ ತನ್ನ ಅಧಿಕಾರ ವಹಿಸಿಕೊಳ್ಳಬಲ್ಲದು. ವಿದ್ಯುತ್ ಚಟುವಟಿಕೆಯೇ ಇಲ್ಲದ ಹೃದಯಕ್ಕೆ ಈ ಆಘಾತದಿಂದ ಪ್ರಯೋಜನವಿಲ್ಲ.

1947ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 14 ವರ್ಷದ ಬಾಲಕನೊಬ್ಬನ ಹೃದಯ ಶಸ್ತ್ರಚಿಕಿತ್ಸೆಯ ವೇಳೆ ಹೀಗೆಯೇ ಅದುರತೊಡಗಿತು. ಶಸ್ತ್ರವೈದ್ಯ ಕ್ಲಾಡ್ ಬೆಕ್ ಅರ್ಧ ಗಂಟೆಗೂ ಹೆಚ್ಚು ಕಾಲ ಹೃದಯವನ್ನು ಕೈಯಿಂದ ಒತ್ತುತ್ತ ರಕ್ತಸಂಚಾರ ಕಾಪಾಡಿದರು. ಬಳಿಕ ನೇರವಾಗಿ ಹೃದಯಕ್ಕೆ ಆಘಾತ ನೀಡಿದರು. ಬಾಲಕ ಬದುಕಿದ. ಯಂತ್ರ ಬರುವವರೆಗೆ ಕೈ ದುಡಿಯಬೇಕು ಎಂಬುದೇ ಇಲ್ಲಿನ ಪಾಠ.

ಎದೆ ಒತ್ತದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಸಿಯುತ್ತದೆ. ಆದರೂ ಕುಸಿದವನ ಬಾಯಿಗೆ ನೀರು ಹಾಕುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಆ ನಿಮಿಷಗಳಲ್ಲಿ ಯಾವ ಕಷಾಯಕ್ಕೂ, ಭಸ್ಮಕ್ಕೂ ಕೆಲಸವಿಲ್ಲವೆಂದು ವೈದ್ಯನಾಗಿಯೇ ಹೇಳುತ್ತೇನೆ. ಪಥ್ಯ, ದಿನಚರಿ, ವ್ಯಾಯಾಮಗಳಿಂದ ರೋಗ ಬಾರದಂತೆ ತಡೆಯುವುದು ಆಯುರ್ವೇದದ ಕ್ಷೇತ್ರ; ಪ್ರಾಣ ಹೋಗುತ್ತಿರುವಾಗ ಪದ್ಧತಿಗಳ ಜಗಳ ಬೇಡ.

ಕರೆದರೆ ಓಗೊಡದೆ, ಸಹಜವಾಗಿ ಉಸಿರಾಡದೆ ಬಿದ್ದವರನ್ನು ಕಂಡರೆ 108ಕ್ಕೆ ಕರೆಮಾಡಿಸಿ, ಎದೆಯ ನಡುವೆ ಎರಡೂ ಅಂಗೈಗಳಿಂದ ಸುಮಾರು 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಎ.ಇ.ಡಿ. ಎಂಬ ಸ್ವಯಂಚಾಲಿತ ಯಂತ್ರವಿದ್ದರೆ ತಕ್ಷಣ ತರಿಸಬೇಕು. ಅದು ತಾನೇ ಹೃದಯದ ಲಯವನ್ನು ಪರೀಕ್ಷಿಸಿ, ಅಗತ್ಯವಿದ್ದರೆ ಮಾತ್ರ ಆಘಾತಕ್ಕೆ ಸೂಚಿಸುತ್ತದೆ. ಆದ್ದರಿಂದ ತರಬೇತಿಯಿಲ್ಲದವರೂ ಬಳಸಬಹುದು. ಆಘಾತದ ಹೊತ್ತಿಗೆ ಯಾರೂ ರೋಗಿಯನ್ನು ಮುಟ್ಟಿರಬಾರದು.

ಸಾವಿರಾರು ಜನ ಸೇರುವ ಜಾತ್ರೆ, ಸಾಮೂಹಿಕ ವಿವಾಹ, ದಾಸೋಹಗಳಲ್ಲಿ ನೀರಿಗೂ ನೆರಳಿಗೂ ನಾವು ಎಷ್ಟು ಆಸ್ಥೆ ವಹಿಸುತ್ತೇವೆ! ಅದರೊಡನೆ ಇಂಥ ಒಂದು ಯಂತ್ರವನ್ನೂ, ಎದೆ ಒತ್ತಲು ಕಲಿತ ಹತ್ತು ಮಂದಿ ಯುವಕ ಯುವತಿಯರನ್ನೂ ಸಿದ್ಧವಾಗಿರಿಸುವುದು ಇಂದಿನ ಅಗತ್ಯ. ಮುಂದಿನ ಜಾತ್ರೆಯ ಪೂರ್ವಭಾವಿ ಸಭೆಯಲ್ಲಿಯೇ ಈ ವಿಷಯ ಚರ್ಚೆಗೆ ಬರಲಿ.